ಸಿಂಕಿನಲ್ಲಿ ನೆನೆದ ಮನೆ

"ಆ ಮಳೆ ಮನೆ ಇದೆಯಾ ಮೇಡಂ?" ಈ ಪ್ರಶ್ನೆ ಕೇಳಿದರೆ ಒಂದು ಕಾಲದಲ್ಲಿ ನನಗೆ ಹಿಗ್ಗೋ ಹಿಗ್ಗು. ಮಳೆ ಮನೆ ಅಂದ್ರೆ ನಾನು ಬಿಡಿಸುವ ಒಂದು ಜಲವರ್ಣ ಚಿತ್ರ. ಹಂಚಿನ ಮನೆ, ಮುಂದೆ ಅಂಗಳ, ಎಡಗಡೆ ಮೂರು ಅಡಿಕೆ ಮರ, ಹಿಂದೆ ಮಂಜು ಮುಸುಕಿದ ಗುಡ್ಡ, ಸೂರಿನಿಂದ ಇಳಿಯುವ ನೀರು. ಮೊದಲ ಸಲ ಬಿಡಿಸಿದಾಗ ಅದು ಸಾಗರದ ಹತ್ತಿರ ಇರುವ ನನ್ನ ತವರು ಮನೆಯೇ ಆಗಿತ್ತು. ಅಪ್ಪ ತೀರಿಕೊಂಡ ವರ್ಷದ ಜುಲೈ ತಿಂಗಳು. ಎದುರಿನ ಕೊಟ್ಟಿಗೆಯ ಮಾಡಿನ ಕೆಳಗೆ ಕೂತು, ಹಾಳೆಗೆ ಎರಚಲು ಹೊಡೆಯದ ಹಾಗೆ ಮೈ ಅಡ್ಡ ಇಟ್ಟುಕೊಂಡು ಬರೆದದ್ದು. ಅದನ್ನು ಇವತ್ತಿಗೂ ಯಾರಿಗೂ ಕೊಟ್ಟಿಲ್ಲ.

ಆಮೇಲೆ ಅತ್ತಿಗೆ ಅಂಥದ್ದೇ ಒಂದು ಬೇಕು ಅಂದರು. ಬರೆದುಕೊಟ್ಟೆ. ಅವರ ಮನೆಯಲ್ಲಿ ನೋಡಿದವರು ಕೇಳಿದರು. ಬ್ಯಾಂಕಿನಲ್ಲಿ ಯಾರದ್ದೋ ಬೀಳ್ಕೊಡುಗೆ, ಯಾರದ್ದೋ ಗೃಹಪ್ರವೇಶ, ಎಲ್ಲಕ್ಕೂ ಮಳೆ ಮನೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಒಂದು ವರ್ಷ ಜಾಗ ಸಿಕ್ಕಿತು. ಜನವರಿ ಭಾನುವಾರ, ಕುಮಾರಕೃಪ ರಸ್ತೆಯ ಬದಿಯಲ್ಲಿ ಬೆಳಿಗ್ಗೆಯಿಂದ ಕೂತೆ. ಬೇರೆ ಬೇರೆ ಹದಿನೈದು ಚಿತ್ರ ಒಯ್ದಿದ್ದೆ. ಹೋದದ್ದು ಬರೀ ಮಳೆ ಮನೆಗಳು, ಐದಕ್ಕೆ ಐದೂ. ಮುಂದಿನ ವರ್ಷ ಮತ್ತೆ ಜಾಗ ಸಿಕ್ಕಾಗ ಅದನ್ನೇ ಹನ್ನೆರಡು ಮಾಡಿಕೊಂಡು ಹೋದೆ. ತಪ್ಪು ಅಂತ ಅನಿಸಲಿಲ್ಲ. ಜನ ಇಷ್ಟಪಟ್ಟು ಗೋಡೆಗೆ ಹಾಕಿಕೊಳ್ಳುತ್ತಾರೆ ಅಂದ್ರೆ ಅದಕ್ಕಿಂತ ದೊಡ್ಡದು ಏನಿದೆ ಅಲ್ವಾ?

ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಲೆಕ್ಕ ಇಡುವುದು ಅಭ್ಯಾಸ. ಯಾವ ಚಿತ್ರ ಯಾರಿಗೆ ಕೊಟ್ಟೆ ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ಪುಸ್ತಕದ ಪ್ರಕಾರ ನಲವತ್ಮೂರನೇ ಮಳೆ ಮನೆಯನ್ನು ಮುಗಿಸಿದ್ದು ಒಂದು ಮಾರ್ಚ್ ತಿಂಗಳ ರಾತ್ರಿ. ಕುಂಚ ತೊಳೆಯುತ್ತಿದ್ದಾಗ ಗೊತ್ತಾಯಿತು, ಅದನ್ನು ಬರೆಯುತ್ತಿದ್ದ ಎರಡು ಗಂಟೆಯೂ ನಾನು ಆಡಿಟ್ ಬಗ್ಗೆ ಯೋಚಿಸುತ್ತಿದ್ದೆ. ಒಂದು ಸಾಲದ ಫೈಲಿನಲ್ಲಿ ಜಾಮೀನುದಾರರ ಸಹಿ ಬಿಟ್ಟುಹೋಗಿತ್ತು, ಅದನ್ನೇ ತಿರುಗಿಸಿ ಮುರುಗಿಸಿ. ಕೈ ತನ್ನಷ್ಟಕ್ಕೆ ಹಂಚು ಹೊದೆಸಿತ್ತು, ಅಡಿಕೆ ಮರ ನಿಲ್ಲಿಸಿತ್ತು, ಮಳೆಯನ್ನೂ ಸುರಿಸಿತ್ತು. ನನಗೆ ಯಾವುದೂ ನೆನಪಿಲ್ಲ. ಹದಿನಾಲ್ಕು ವರ್ಷದಿಂದ ನಾನು ಬಣ್ಣದ ಡಬ್ಬಿ ತೆಗೆಯುತ್ತಿದ್ದದ್ದೇ ಬ್ಯಾಂಕನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದಕ್ಕೆ. ಈಗ ಅದು ಒಳಗೇ ಬಂದು ಕೂತಿತ್ತು. ತುಂಬ ಬೇಸರವಾಯಿತು. ಯಾರ ಹತ್ತಿರ ಹೇಳಿಕೊಳ್ಳುವುದು? "ಎಷ್ಟು ಚೆನ್ನಾಗಿದೆ" ಅಂತಲೇ ಎಲ್ಲರೂ ಹೇಳುತ್ತಿದ್ದರು. ನಿಜವಾಗಿ ಚೆನ್ನಾಗಿಯೂ ಇತ್ತು.

ನೀರು ಬಂತು

ನಲವತ್ನಾಲ್ಕನೆಯದು ನಮ್ಮ ಶಾಖೆಯ ಒಬ್ಬರ ಗೃಹಪ್ರವೇಶಕ್ಕೆ. ಹಲಗೆಗೆ ಟೇಪು ಅಂಟಿಸಿದ ಹಾಳೆಯಲ್ಲಿ ಮುಗಿಸಿ, ಜಾಗ ಇಲ್ಲ ಅಂತ ಅಡುಗೆಮನೆಯ ಸಿಂಕಿನೊಳಗೆ ನಿಲ್ಲಿಸಿ ಮಲಗಿದ್ದೆ. ನಮ್ಮ ಬಡಾವಣೆಗೆ ದಿನ ಬಿಟ್ಟು ದಿನ ನೀರು. ಕೈ ತೊಳೆಯಲು ನಲ್ಲಿ ತಿರುಗಿಸಿದ್ದೆ, ಬರಲಿಲ್ಲ, ಹಾಗೇ ಬಿಟ್ಟೆ. ಮುಂದಿನದು ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ ನೀರು ಬಂದಿದೆ. ಸಿಂಕಿನ ತೂತಿಗೆ ಒಂದು ತಟ್ಟೆ ಮುಚ್ಚಿಕೊಂಡಿದೆ. ನಾನು ಎದ್ದು ಬರುವಾಗ ಚಿತ್ರದ ಅರ್ಧ ನೀರಿನಲ್ಲಿ ಮುಳುಗಿತ್ತು.

ಎತ್ತಿ ಹಲಗೆಯನ್ನು ಕಟ್ಟೆಯ ಮೇಲೆ ಒರಗಿಸಿದೆ. ಅಳು ಬರುವ ಹಾಗಾಗಿತ್ತು. ಮೇಲರ್ಧ ಹಾಗೇ ಇತ್ತು: ಗುಡ್ಡ, ಮಾಡು, ಹಂಚಿನ ಸಾಲು, ಎಲ್ಲ ಅಚ್ಚುಕಟ್ಟು. ನಟ್ಟನಡುವೆ ಒಂದು ಗೆರೆ, ನೀರು ನಿಂತ ಮಟ್ಟ. ಅದರ ಕೆಳಗೆ ಬೇರೆಯೇ ಒಂದು ಲೋಕ. ಹಾಲು ಕಾಯಲು ಇಟ್ಟು ಅದನ್ನೇ ನೋಡುತ್ತಾ ನಿಂತೆ. ಅಂಗಳದ ನೆರಳಿಗೆ ಹಾಕಿದ್ದ ಅಲ್ಟ್ರಾಮರೀನ್ ನೀಲಿ ಬಹುಪಾಲು ಎದ್ದುಹೋಗಿತ್ತು. ಅದು ಕಾಗದದ ಮೇಲೆ ಸುಮ್ನೆ ಕೂರುವ ಬಣ್ಣ, ಒದ್ದೆ ಮಾಡಿದರೆ ಏಳುತ್ತದೆ. ಥಾಲೋ ಹಸಿರು ಹಾಗಲ್ಲ, ನಾರಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಅಡಿಕೆ ಮರದ ಬುಡದ ಹಸಿರು ಮಾತ್ರ ಒಂಟಿಯಾಗಿ ಉಳಿದಿತ್ತು. ಬರ್ನ್ಟ್ ಸಿಯೆನ್ನಾ ಕರಗಿ ಕೆಳಕ್ಕೆ ಜಾರಿ, ಒರಟು ಕಾಗದದ ಒಂದೊಂದು ಗುಳಿಯಲ್ಲೂ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಯಾಗಿ ನಿಂತಿತ್ತು. ಮಳೆ ಬಿದ್ದ ಅಂಗಳ ನಿಜವಾಗಿ ಹಾಗೇ ಇರುತ್ತದೆ! ಕೆಂಪು ನೀರು ಹರಿದುಹೋಗಿ, ಸಣ್ಣ ಕಲ್ಲುಗಳ ನಡುವೆ ಅಲ್ಲಲ್ಲಿ ಕೆಸರು ನಿಂತಿರುತ್ತದೆ. ನಲವತ್ಮೂರು ಸಲ ನಾನು ಆ ಅಂಗಳಕ್ಕೆ ಒಂದೇ ಸಮ ಕಂದು ಬಣ್ಣ ಬಳಿದಿದ್ದೆ. ಸಿಂಕು ಅದನ್ನು ಅಂಗಳ ಮಾಡಿತ್ತು.

ಹಾಲು ಉಕ್ಕಿತು. ಅದನ್ನು ಒರೆಸಿ, ಚಿತ್ರವನ್ನು ಮತ್ತೆ ನೀರಿಗೆ ಇಟ್ಟೆ. ಈ ಸಲ ನಾನೇ. ಮೇಲರ್ಧವನ್ನೂ.

ಅವತ್ತು ಬ್ಯಾಂಕಿಗೆ ತಡವಾಗಿ ಹೋದೆ. ದಿನವಿಡೀ ಮನಸ್ಸು ಆ ಹಾಳೆಯ ಮೇಲೇ ಇತ್ತು. ಒಣಗಿದರೆ ಹೇಗೆ ಕಾಣುತ್ತದೆ? ಒಣಗಿದ ಮೇಲೆ ಅದೇ ಗುಡ್ಡದ ಮೇಲೆ ಇನ್ನೊಂದು ತೆಳು ನೀಲಿ ಹಾಕಿ ಮತ್ತೆ ನೆನೆಸಿದರೆ? ಫೈಲಿನ ನಡುವೆ ಚಿತ್ರದ ಯೋಚನೆ. ಹೋದ ವಾರ ಚಿತ್ರದ ನಡುವೆ ಫೈಲಿನ ಯೋಚನೆ ಬರುತ್ತಿತ್ತು, ಇವತ್ತು ತಲೆಕೆಳಗಾಗಿತ್ತು.

ಗೃಹಪ್ರವೇಶಕ್ಕೆ ಒಂದು ಕುಕ್ಕರ್ ಕೊಟ್ಟೆ.

ಬಕೆಟ್ಟಿನ ಹಳೇ ಪಾಠ

ಚಿತ್ರವನ್ನು ನೀರಿನಲ್ಲಿ ಮುಳುಗಿಸುವುದು ನಾನು ಕಂಡುಹಿಡಿದದ್ದಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ನೂರು ವರ್ಷಕ್ಕೂ ಹಿಂದೆ ಇದನ್ನೇ ಒಂದು ಕ್ರಮವಾಗಿ ಮಾಡಿಕೊಂಡಿದ್ದರು. 1903ರಲ್ಲಿ ಜಪಾನಿನಿಂದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅಂತ ಇಬ್ಬರು ಕಲಾವಿದರು ಅಲ್ಲಿಗೆ ಬಂದಿದ್ದರು. ಅವರು ಒದ್ದೆ ಕುಂಚದಿಂದ ಬಣ್ಣವನ್ನು ಮೃದು ಮಾಡುವುದನ್ನು ನೋಡಿ ಅವನೀಂದ್ರನಾಥರು ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಹಾಳೆಯನ್ನೇ ನೀರಿಗೆ ಅದ್ದಿದರು. ಬಣ್ಣ ಹಾಕು, ಒಣಗಿಸು, ಅದ್ದು, ಮತ್ತೆ ಬಣ್ಣ ಹಾಕು. ವಾಶ್ ಪದ್ಧತಿ ಅಂತ ಅದಕ್ಕೇ ಹೆಸರು ಬಿತ್ತು. ಅವರ ಕೈಕೆಳಗೆ ಕಲಿತು ಬಂದವರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆಯಲ್ಲ, ಅಲ್ಲಿ ಅವರ ಊಟಿಯ ಜಲವರ್ಣಗಳನ್ನು ಕಾಲೇಜಿನ ದಿನಗಳಲ್ಲಿ ನೋಡಿದ್ದೆ. ಮಂಜನ್ನು ಬಿಳಿ ಬಣ್ಣದಿಂದ ಬರೆಯದೆ ಹೇಗೆ ತೋರಿಸಿದರು ಅಂತ ಆಗ ಹೊಳೆದಿರಲಿಲ್ಲ. ಇದೇ ವೆಂಕಟಪ್ಪನವರು ಚಿತ್ರಕಾರರಾಗಿ ಹೆಸರು ಮಾಡಿದ ಮೇಲೆ ವೀಣೆ ಶೇಷಣ್ಣನವರ ಹತ್ತಿರ ಹೋಗಿ ವೀಣೆ ಕಲಿಯಲು ಕೂತರು. ಬಲ್ಲವರು ಅನಿಸಿಕೊಂಡ ಮೇಲೆ ಮತ್ತೆ ಮೊದಲ ಪಾಠದಿಂದ ಶುರು ಮಾಡುವುದು! ಅದನ್ನು ನೆನೆಸಿಕೊಂಡರೆ ನನಗೆ ಈಗ ಮೈ ಜುಮ್ಮೆನ್ನುತ್ತದೆ. ಹಾಗೇ ರುಮಾಲೆ ಚನ್ನಬಸವಯ್ಯನವರು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ ಅಂತ ವರ್ಷಗಟ್ಟಲೆ ಕಳೆದು, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂ ಬಿಟ್ಟ ಮರಗಳ ಎದುರಿಗೆ ಹೋಗಿ ನಿಂತವರು.

ಸಿಂಕಿನ ಘಟನೆಯಾದ ಮೇಲೆ ಒಂದು ಹೊಸ ಪುಸ್ತಕ ತೆಗೆದೆ. ಬ್ಯಾಂಕಿನ ಲೆಡ್ಜರಿನ ಥರದ್ದೇ, ಉದ್ದದ್ದು. ಎಡಕ್ಕೆ ಏನು ಮಾಡಿದೆ, ಬಲಕ್ಕೆ ಏನಾಯಿತು. ಚಿತ್ರ ಆಗಲೇಬೇಕು ಅಂತಿಲ್ಲ, ಕಾಗದದ ಚೂರು ಸಾಕು. ಕಾಫಿ ಡಿಕಾಕ್ಷನ್ ಸೊಗಸಾಗಿ ಹರಡುತ್ತದೆ, ಅಂಚಿನಲ್ಲಿ ಗಾಢವಾಗಿ ನಿಲ್ಲುತ್ತದೆ. ಅನ್ನದ ಗಂಜಿ ಬೆರೆಸಿದರೆ ಬಣ್ಣ ದಪ್ಪಗಾಗಿ ಕುಂಚದ ಗೆರೆ ಉಳಿಯುತ್ತದೆ. ಕಲ್ಲುಪ್ಪನ್ನು ಒದ್ದೆ ಬಣ್ಣದ ಮೇಲೆ ಉದುರಿಸಿದರೆ ಒಂದೊಂದು ಹರಳೂ ಸುತ್ತಲಿನ ನೀರನ್ನು ಎಳೆದುಕೊಂಡು ನಕ್ಷತ್ರ ಬಿಡಿಸುತ್ತದೆ. ಆದರೆ ಹೊತ್ತು ನೋಡಬೇಕು, ಹಾಳೆಯ ಹೊಳಪು ಇನ್ನೇನು ಆರುತ್ತಿದೆ ಅನ್ನುವಾಗ ಹಾಕಬೇಕು. ಮೊದಲೇ ಹಾಕಿದರೆ ಕರಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಉಪ್ಪು ಹಾಕಿದ ಹಾಳೆ ಎರಡು ದಿನ ಕಳೆದರೂ ಪಿಸಪಿಸ ಅನ್ನುತ್ತಿತ್ತು, ಅದೂ ಬಲಗಡೆ ಬರೆದಿಟ್ಟಿದ್ದೇನೆ.

ಅರಿಶಿನ ನನಗೆ ತುಂಬ ಇಷ್ಟವಾದ ಪ್ರಯೋಗ. ಅರಿಶಿನ ಕದಡಿದ ನೀರಿನಿಂದ ಗದ್ದೆ ಬರೆದೆ. ಅದರ ಮೇಲೆ ಸುಣ್ಣದ ತಿಳಿ ಮುಟ್ಟಿಸಿದೆ. ಮುಟ್ಟಿದಲ್ಲೆಲ್ಲ ಕಣ್ಣೆದುರೇ ಕೆಂಪಾಯಿತು. ಆರತಿಗೆ ಓಕುಳಿ ಕದಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅದೇ ಕೆಂಪು. ಆದರೆ ಹಾಳೆಯ ಮೇಲೆ, ನನ್ನ ಕುಂಚದ ತುದಿಯಲ್ಲಿ ಆದಾಗ ಮಗಳನ್ನು ಕೂಗಿ ಕರೆದೆ. ಅವಳು ಬಂದು, "ಅಮ್ಮಾ, ಇನ್ನೊಂದ್ಸಲ ಮಾಡು" ಅಂದಳು. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಅದನ್ನೇ ಮಾಡಿದೆವು. ಆ ಹಾಳೆಯನ್ನು ಕಿಟಕಿಯ ಪಕ್ಕ ಅಂಟಿಸಿದ್ದೆ. ಅರಿಶಿನ ಬೆಳಕಿಗೆ ತಾಳುವುದಿಲ್ಲ. ತಿಂಗಳು ತುಂಬುವಷ್ಟರಲ್ಲಿ ಗದ್ದೆ ಪೂರ್ತಿ ಮಾಸಿ, ಪೆನ್ಸಿಲ್ಲಿನಲ್ಲಿ ಎಳೆದಿದ್ದ ಬದು ಮಾತ್ರ ಉಳಿಯಿತು. ಯಾರಿಗೂ ಕೊಡಲಾಗದ ಚಿತ್ರ. ಅದು ಮಾಸುವುದನ್ನು ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದೆ, ಅಷ್ಟು ಗಮನ ಕೊಟ್ಟು ನಾನು ನನ್ನ ಬೇರೆ ಯಾವ ಚಿತ್ರವನ್ನೂ ನೋಡಿದ ನೆನಪಿಲ್ಲ.

ಧರೆಯ ಮಣ್ಣು

ಆ ವರ್ಷ ದೀಪಾವಳಿಗೆ ಮೊದಲು ತವರಿಗೆ ಹೋದೆ. ಮನೆಯ ಹಿಂದೆ ಗುಡ್ಡ ಕಡಿದ ಧರೆ ಇದೆ, ಎರಡಾಳು ಎತ್ತರ. ಹುಟ್ಟಿದಾಗಿನಿಂದ ನೋಡಿದ ಧರೆ. ಈ ಸಲ ಅದರ ಎದುರಿಗೆ ನಿಂತಾಗ ಕಾಲು ಕೀಳಲಾಗಲಿಲ್ಲ. ಮೇಲೆ ಎಲೆ ಕೊಳೆತ ಕಪ್ಪು, ಅದರ ಕೆಳಗೆ ಕೆಂಪು, ಆಮೇಲೆ ಕೇಸರಿಗೆ ತಿರುಗಿದ ಹಳದಿ, ಬುಡದಲ್ಲಿ ಕೈಗೆ ಸಾಬೂನಿನಂತೆ ಜಾರುವ ಬೂದುಬಿಳಿ ಜೇಡಿ. ನಾನು ಅಂಗಡಿಯಿಂದ ತರುವ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಎಲ್ಲ ಮೂಲದಲ್ಲಿ ಇಂಥದ್ದೇ ಮಣ್ಣು, ಕಬ್ಬಿಣದ ತುಕ್ಕಿನಿಂದ ಬಣ್ಣ ಬಂದದ್ದು. ಸಿಯೆನ್ನಾ ಅನ್ನುವುದು ಇಟಲಿಯ ಒಂದು ಊರಿನ ಹೆಸರು. ಅಲ್ಲಿನ ಮಣ್ಣಿನ ಹೆಸರಿನ ಬಣ್ಣದಲ್ಲಿ ನಾನು ನನ್ನ ಅಪ್ಪನ ಮನೆಯ ಅಂಗಳ ಬರೆದಿದ್ದೆ, ನಲವತ್ನಾಲ್ಕು ಸಲ.

ಮೂರು ಬಕೆಟ್ಟು ತಂದು ಜಗುಲಿಯಲ್ಲಿ ಇಟ್ಟೆ. "ಎಂತಕ್ಕೆ ಮಾರಾಯ್ತಿ ಮಣ್ಣು ಹೊತ್ತುಕೊಂಡು ಬಂದೆ?" ಅಂತ ಅಮ್ಮ. ಬಣ್ಣ ಮಾಡ್ತೀನಿ ಅಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಹಳೇ ಕುಟ್ಟಾಣಿ ಮತ್ತು ಹರಿದ ಪಂಚೆಯ ತುಂಡು ತಂದು ಮುಂದಿಟ್ಟರು.

ಮಾಡುವುದು ಕಷ್ಟವಿಲ್ಲ, ಕಾಯುವುದು ಜಾಸ್ತಿ. ಮಣ್ಣನ್ನು ಒಣಗಿಸಿ ಕುಟ್ಟಿ, ಬೇರು ಕಲ್ಲು ತೆಗೆದು, ನೀರಿಗೆ ಹಾಕಿ ಚೆನ್ನಾಗಿ ಕದಡಬೇಕು. ಅರೆ ನಿಮಿಷ ಬಿಟ್ಟರೆ ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮೇಲೆ ತಿಳಿ, ಕೆಳಗೆ ಕೆನೆಯಂಥ ಕೆಸರು. ತಿಳಿ ಚೆಲ್ಲಿ ಮತ್ತೆ ನೀರು ಹಾಕಿ ಇದನ್ನೇ ಎರಡು ಮೂರು ಸಲ ಮಾಡಿದರೆ, ಕೊನೆಗೆ ಉಳಿಯುವ ಮಣ್ಣು ಬೆರಳ ನಡುವೆ ಉಜ್ಜಿದರೆ ತರಿಯೇ ಸಿಗುವುದಿಲ್ಲ. ಬಣ್ಣವನ್ನು ಕಾಗದಕ್ಕೆ ಹಿಡಿಸುವುದಕ್ಕೆ ಅಂಟು ಬೇಕು. ಟ್ಯೂಬಿನ ಜಲವರ್ಣದಲ್ಲಿ ಇರುವುದೂ ಜಾಲಿ ಜಾತಿಯ ಮರದ ಅಂಟೇ. ಬಾಣಂತಿಯರಿಗೆ ಅಂಟಿನುಂಡೆ ಮಾಡುತ್ತಾರಲ್ಲ, ಆ ಅಂಟನ್ನು ಸಾಗರದ ಗ್ರಂದಿಗೆ ಅಂಗಡಿಯಿಂದ ತಂದು ಬಿಸಿನೀರಲ್ಲಿ ನೆನೆಸಿದೆ. ಬಿರಿಯದಿರಲಿ ಅಂತ ಎರಡು ತೊಟ್ಟು ಜೇನು.

ಹಳದಿ ಮಣ್ಣಿನ ಕಥೆ ಬೇರೆ. ಅದನ್ನು ಹುರಿದರೆ ಕೆಂಪಾಗುತ್ತದೆ ಅಂತ ಓದಿದ್ದೆ. ಸುಮಾರು 250ರಿಂದ 300 ಡಿಗ್ರಿ ಕಾವಿಗೆ ಅದರೊಳಗಿನ ನೀರಿನ ಅಂಶ ಹೋಗಿ, ಹಳದಿ ತುಕ್ಕು ಕೆಂಪು ತುಕ್ಕಾಗುತ್ತದೆ. ಬಚ್ಚಲ ಒಲೆಯ ಮೇಲೆ ಹಳೇ ಕಬ್ಬಿಣದ ಕಾವಲಿ ಇಟ್ಟೆ. ಪುಡಿ ಹರಡಿದೆ. ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತರು. ಮೊದಲು ಹಸಿ ಮಣ್ಣಿನ ವಾಸನೆ, ಮೊದಲ ಮಳೆಯ ಥರ. ಐದು ನಿಮಿಷ ಏನೂ ಇಲ್ಲ. ಆಮೇಲೆ ಕಾವಲಿಯ ಅಂಚಿನಲ್ಲಿ, ಉರಿ ಜೋರಿದ್ದ ಕಡೆ, ಹಳದಿ ಸ್ವಲ್ಪ ಮಂಕಾಯಿತು. ಕಿತ್ತಳೆಗೆ ತಿರುಗಿತು. ಸೌಟಿನಿಂದ ಕೈಯಾಡಿಸಿದ ಹಾಗೆ ಹಳದಿಯೊಳಗೆ ಕೆಂಪು ಸೇರುತ್ತಾ ಹೋಗಿ ಕೊನೆಗೆ ಇಡೀ ಕಾವಲಿ ಹಂಚಿನ ಬಣ್ಣ. "ಅಯ್ಯ, ನಮ್ಮ ಮಾಡಿನ ಹಂಚು ನೋಡು!" ಅಂದರು ಅಮ್ಮ. ಎಪ್ಪತ್ತೆರಡು ವರ್ಷದ ಅಮ್ಮ ಸೌಟು ಕಿತ್ತುಕೊಂಡು ತಾವೇ ಕೈಯಾಡಿಸತೊಡಗಿದರು. ಅಪ್ಪ ಹೋದ ಮೇಲೆ ಅವರ ದನಿಯಲ್ಲಿ ಆ ಉತ್ಸಾಹ ಕೇಳಿರಲಿಲ್ಲ.

ಅಜ್ಜಿಗೆ ಯಾಕೆ ಬೇಸರ ಬರಲಿಲ್ಲ?

ರಾತ್ರಿ ಮಲಗಿದಾಗ ಒಂದು ಯೋಚನೆ ಹತ್ತಿಕೊಂಡಿತು. ಒಂದೇ ಚಿತ್ರ ನಲವತ್ಮೂರು ಸಲ ಬರೆದದ್ದರಿಂದ ನನಗೆ ಬೇಸರ ಬಂತು ಅಂತ ಅಂದುಕೊಂಡಿದ್ದೆ. ಹಾಗಾದರೆ ನಮ್ಮೂರಿನ ಅಜ್ಜಿ?

ನಮ್ಮ ಸೀಮೆಯ ದೀವರ ಹೆಂಗಸರು ಬರೆಯುವ ಚಿತ್ತಾರ ನಿಮಗೆ ಗೊತ್ತಿರಬಹುದು. ನಾಲ್ಕೇ ಬಣ್ಣ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದ್ರೆ ಪುಂಡಿ ನಾರು. ಭೂಮಿ ಹುಣ್ಣಿಮೆಯ ದಿನ, ತೆನೆ ಕಟ್ಟುವ ಗದ್ದೆಗೆ ಬಸುರಿಗೆ ಬಯಕೆ ಬಡಿಸುವ ಹಾಗೆ ಅಡುಗೆ ಒಯ್ಯುತ್ತಾರೆ. ಅದನ್ನು ಇಟ್ಟು ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಚಿತ್ತಾರ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆಚೆಮನೆಯ ಅಜ್ಜಿ ಜಗುಲಿಯಲ್ಲಿ ಕೂತು ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಬರೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ. ನಾರಿನ ತುದಿಯನ್ನು ಹಲ್ಲಿನಲ್ಲಿ ಜಜ್ಜಿ ಸರಿ ಮಾಡಿಕೊಂಡು, ಹಿಟ್ಟಿಗೆ ಅದ್ದಿ, ಉಸಿರು ಹಿಡಿದು ಎಳೆಯುವುದು. ಹೋದ ವರ್ಷದ ಥರಾನೇ ಬರೀತೀಯಾ ಅಜ್ಜಿ ಅಂತ ಕೇಳಿದ್ದೆ. "ಬರೆಯೋದು ಅದನ್ನೇ ಮಗಾ. ಆದ್ರೆ ಇದು ಈ ವರ್ಷದ ಬುಟ್ಟಿ. ಅದು ಎತ್ತ ಬಾಗ್ತದೋ ಗೆರೆನೂ ಅತ್ತ ಹೋಗ್ಬೇಕು" ಅಂದಿದ್ದರು.

ಅವರು ಜೀವನಪೂರ್ತಿ ಅದೇ ಚಿತ್ತಾರ ಬರೆದರು. ಆದರೆ ಪ್ರತಿ ವರ್ಷ ಮಣ್ಣು ಹೊಸದಾಗಿ ಅಗೆದದ್ದು, ಹಿಟ್ಟು ಆ ಬೆಳಿಗ್ಗೆ ರುಬ್ಬಿದ್ದು, ನಾರು ಆಗಷ್ಟೇ ಸೀಳಿದ್ದು. ಹಿಟ್ಟು ಒಂದು ಚೂರು ತೆಳುವಾದರೂ ಗೆರೆ ಇಳಿಯುತ್ತದೆ, ಕೈ ಅದಕ್ಕೆ ತಕ್ಕಂತೆ ಓಡಬೇಕು. ನಾನು ಮಾಡಿದ್ದು ಏನು? ಒಂದೇ ಕಂಪನಿಯ ಕಾಗದ, ಒಂದೇ ನಾಲ್ಕು ಟ್ಯೂಬು, ಒಂದೇ ಫೋಟೋ. ತಪ್ಪಾಗದ ಹಾಗೆ ಎಲ್ಲ ಕಡೆಯಿಂದ ಬೇಲಿ ಹಾಕಿಕೊಂಡಿದ್ದೆ. ಬೇರೆ ಥರ ಆಗುವ ಸಾಧ್ಯತೆಯೇ ಇಲ್ಲದ ಕಡೆ ನನ್ನ ಕಣ್ಣಿಗಾದರೂ ಏನು ಕೆಲಸ? ಅದು ಎದ್ದು ಆಡಿಟ್ ಕಡೆ ಹೋಯಿತು. ಮನೆಯ ಚಿತ್ರದ ಮೇಲೆ ನನಗೆ ಸಿಟ್ಟಿತ್ತು ಕೆಲವು ತಿಂಗಳು, ಇನ್ನು ಅದನ್ನು ಮುಟ್ಟುವುದಿಲ್ಲ ಅಂತ. ಆ ಸಿಟ್ಟು ಅವತ್ತು ರಾತ್ರಿ ಹೋಯಿತು.

ಮಾರನೇ ದಿನ ಕೊಟ್ಟಿಗೆಯ ಮಾಡಿನ ಕೆಳಗೆ ಹೋಗಿ ಕೂತು ಮಳೆ ಮನೆಯನ್ನೇ ಬರೆದೆ. ಮಳೆ ಇರಲಿಲ್ಲ, ಬಿಸಿಲಿತ್ತು. ಹಂಚಿಗೆ ಅಮ್ಮ ಹುರಿದ ಕೆಂಪು, ಅಂಗಳಕ್ಕೆ ಅಂಗಳದ್ದೇ ಮಣ್ಣು, ಗೋಡೆಗೆ ಜೇಡಿ. ನನ್ನ ಬಣ್ಣ ಟ್ಯೂಬಿನಷ್ಟು ನಯವಿಲ್ಲ. ಅಂಟು ಕಡಿಮೆಯಾಗಿ ಒಂದು ಕಡೆ ಪುಡಿ ಉದುರಿತು, ಇನ್ನೊಂದು ಕಡೆ ಜಾಸ್ತಿಯಾಗಿ ಮಿರಮಿರ ಮಿಂಚಿತು. ನೀಲಿ ಇರಲಿಲ್ಲ, ಧರೆಯಲ್ಲಿ ನೀಲಿ ಸಿಗುವುದಿಲ್ಲ. ಹಾಗಾಗಿ ಆಕಾಶವನ್ನು ಖಾಲಿ ಬಿಟ್ಟೆ. ಗುಡ್ಡವನ್ನು ಒಲೆಯ ಮಸಿಯಿಂದ ಮಾಡಿದೆ. ಮೂರು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಅಮ್ಮ ಊಟಕ್ಕೆ ಕರೆದದ್ದೂ ಕೇಳಿರಲಿಲ್ಲವಂತೆ. ಅದು ಈಗ ಅಮ್ಮನ ಕೋಣೆಯಲ್ಲಿ, ಅಪ್ಪನ ಫೋಟೋದ ಕೆಳಗಿದೆ. ಬಂದವರಿಗೆಲ್ಲ, "ಆ ಹಂಚು ನಾನೇ ಹುರಿದದ್ದು" ಅಂತ ತೋರಿಸುತ್ತಾರಂತೆ.

ಈಗ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಏಳು ಗಾಜಿನ ಬಾಟಲಿ ಸಾಲಾಗಿವೆ. ಕೆಲಸದ ಮೇಲೆ ಯಾರು ಯಾವ ಊರಿಗೆ ಹೋದರೂ ಒಂದು ಹಿಡಿ ಮಣ್ಣು ತನ್ನಿ ಅಂತ ಹೇಳಿಬಿಡುತ್ತೇನೆ. ಬಳ್ಳಾರಿಯ ಕಡೆಯಿಂದ ಒಬ್ಬರು ಕುಂಕುಮದಂಥ ಅದಿರು ಮಣ್ಣು ತಂದುಕೊಟ್ಟರು. ಧಾರವಾಡದ ಎರೆ ಮಣ್ಣು ನೀರಿಗೆ ಬಿದ್ದ ಕೂಡಲೇ ಉಬ್ಬಿ ಅಂಟಿಕೊಂಡು ಸೋಸಲು ಬಿಡಲೇ ಇಲ್ಲ. ನಿನ್ನೆ ಸಂಜೆ ಮಗಳು ಶಾಲೆಯ ಹಿಂದೆ ಹೊಸ ಬಾವಿ ತೋಡುತ್ತಿದ್ದಾರೆ ಅಂತ ಟಿಫನ್ ಡಬ್ಬಿಯಲ್ಲಿ ಸ್ವಲ್ಪ ಹಿಡಿದುಕೊಂಡು ಬಂದಳು. ಅರ್ಧ ಹಸಿರು, ಅರ್ಧ ಬೂದಿ, ಅಂಥ ಮಣ್ಣು ನಾನು ಕಂಡಿರಲಿಲ್ಲ. ರಾತ್ರಿಯೇ ಕದಡಿ ಬಾಟಲಿಗೆ ಹಾಕಿದ್ದೇನೆ. ಬರೆಯುತ್ತಾ ಬರೆಯುತ್ತಾ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಇನ್ನೂ ತಿಳಿಯಾಗಿಲ್ಲ.